ಆಖೈರು ಶಿಲ್ಕು 900 ಯೂರೋ: ಒಬ್ಬ ಟೆನಿಸ್ ಆಟಗಾರನ ಜಮಾ-ಖರ್ಚು

ವರ್ಷದ ವಹಿವಾಟು ದೊಡ್ಡದಾಗಿದ್ದರೂ ಮಾರ್ಚ್ ತಿಂಗಳ ಕೊನೆಯಲ್ಲಿ ಕೈಯಲ್ಲಿ ಉಳಿಯುವ ನಗದು ಅತ್ಯಲ್ಪವಾಗಿರುವ ಅನುಭವ ಸಣ್ಣ ಉದ್ಯಮಿಗಳಿಗೆ ಹೊಸದಲ್ಲ. ಬಂದ ಹಣವೆಲ್ಲ ಕಚ್ಚಾ ಮಾಲು, ಕೂಲಿ, ಬಾಡಿಗೆ, ಬಡ್ಡಿಗಳಿಗೆ ಹಂಚಿಹೋಗಿ, ಲೆಕ್ಕ ಸರಿಯಾಗಿದ್ದರೂ ಗಲ್ಲಾಪೆಟ್ಟಿಗೆ ಬರಿದಾಗಿರುತ್ತದೆ. ಇಂಥ ಸ್ಥಿತಿಯನ್ನು 2023ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿಕೊಂಡವರು ಯಾವುದೇ ಕಾರ್ಖಾನೆಯ ಮಾಲೀಕರಲ್ಲ. ಆಗ ಪುರುಷರ ಸಿಂಗಲ್ಸ್‌ನಲ್ಲಿ ಭಾರತದ ಅಗ್ರ ಆಟಗಾರರಾಗಿದ್ದ ಸುಮಿತ್ ನಾಗಲ್. ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು ಸುಮಾರು 900 ಯೂರೋ, ಅಂದರೆ 80 ಸಾವಿರ ರೂಪಾಯಿಗಳಷ್ಟು ಮಾತ್ರ ಎಂದು ಅವರು ಪಿಟಿಐ ಸುದ್ದಿಸಂಸ್ಥೆಗೆ ತಿಳಿಸಿದಾಗ ಕ್ರೀಡಾಭಿಮಾನಿಗಳು ಅಚ್ಚರಿಪಟ್ಟರು. ಆದರೆ ಜಮಾ-ಖರ್ಚಿನ ಪುಸ್ತಕವನ್ನು ಬಲ್ಲವರಿಗೆ ಅದರಲ್ಲಿ ಅಚ್ಚರಿಗಿಂತ ಪರಿಚಿತವಾದ ಸಂಗತಿಗಳೇ ಹೆಚ್ಚಾಗಿ ಕಾಣುತ್ತವೆ.

ಟೆನಿಸ್ ಎಂದೊಡನೆ ಕೋಟಿಗಟ್ಟಲೆ ಬಹುಮಾನ, ಕೈಗಡಿಯಾರದ ಜಾಹೀರಾತು, ವಿಂಬಲ್ಡನ್ನಿನ ಹಸಿರು ಹುಲ್ಲು ಕಣ್ಮುಂದೆ ಬರುವುದು ಸಹಜ. ಆ ವೈಭವ ಕೆಲವೇ ಹೆಸರುಗಳಿಗೆ ಸೀಮಿತವಾದುದು. ನೂರನೆಯ ಸ್ಥಾನದಿಂದ ಕೆಳಗಿರುವ ಆಟಗಾರನ ಬದುಕು ಒಂದು ಸಣ್ಣ ಕೈಗಾರಿಕೆಯ ಬದುಕಿಗೆ ಹತ್ತಿರವಾದುದು. ಅವನೇ ಯಂತ್ರ, ಅವನೇ ಕಾರ್ಮಿಕ, ಅವನೇ ಮಾಲೀಕ.

ಮೂರು ಮೆಟ್ಟಿಲಿನ ಮಾರುಕಟ್ಟೆ

ವೃತ್ತಿಪರ ಪುರುಷರ ಟೆನಿಸ್‌ನಲ್ಲಿ ಸ್ಥೂಲವಾಗಿ ಮೂರು ಹಂತಗಳಿವೆ. ಮೇಲಿನದು ನಾಲ್ಕು ಗ್ರ್ಯಾನ್ ಸ್ಲಾಮ್‌ಗಳು ಮತ್ತು ಎಟಿಪಿ ಟೂರ್. ನಡುವಿನದು ಚಾಲೆಂಜರ್ ಪಂದ್ಯಾವಳಿಗಳು. ಕೆಳಗಿನದು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ನಡೆಸುವ ಸಣ್ಣ ಪಂದ್ಯಾವಳಿಗಳು. ಹಿಂದೆ ಇವುಗಳನ್ನು ಫ್ಯೂಚರ್ಸ್ ಎಂದು ಕರೆಯುತ್ತಿದ್ದರು. 2023ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ನಡೆದ 25 ಸಾವಿರ ಡಾಲರ್ ಮೊತ್ತದ ಪಂದ್ಯಾವಳಿಗಳು ಈ ಮೂರನೆಯ ಹಂತಕ್ಕೆ ಸೇರಿದವು.

ಪಂದ್ಯಾವಳಿಯ ಒಟ್ಟು ಮೊತ್ತವನ್ನು ಕೇಳಿದವರು ಅದು ವಿಜೇತನ ಕೈಸೇರುತ್ತದೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದು ಎಲ್ಲ ಆಟಗಾರರಿಗೂ ಹಂಚಿಹೋಗುವ ಮೊತ್ತ. 15 ಸಾವಿರ ಡಾಲರ್ ಪಂದ್ಯಾವಳಿಯಲ್ಲಿ ವಾರವಿಡೀ ಆಡಿ ಸಿಂಗಲ್ಸ್ ಪ್ರಶಸ್ತಿ ಗೆದ್ದವನಿಗೆ ದೊರೆಯುತ್ತಿದ್ದುದು 2,160 ಡಾಲರ್. ಮೊದಲ ಸುತ್ತಿನಲ್ಲೇ ಸೋತವನಿಗೆ 156 ಡಾಲರ್. ಈ ಎರಡನೆಯ ಮೊತ್ತ ವಿಮಾನದ ಟಿಕೆಟ್ ಇರಲಿ, ವಸತಿಗೃಹದ ಬಾಡಿಗೆಗೂ ಸಾಲದು.

ಐಟಿಎಫ್ 2013ರ ಸಾಲಿನ ಅಂಕಿಅಂಶಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿಯು ಈ ಮಾರುಕಟ್ಟೆಯ ಸ್ವರೂಪವನ್ನು ಸ್ಪಷ್ಟಪಡಿಸಿತು. ಆ ವರ್ಷ ವೃತ್ತಿಪರ ಪಂದ್ಯಾವಳಿಗಳಲ್ಲಿ ಸುಮಾರು 14 ಸಾವಿರ ಮಂದಿ ಆಡಿದ್ದರು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಒಂದು ಡಾಲರ್ ಬಹುಮಾನವನ್ನೂ ಗಳಿಸಿರಲಿಲ್ಲ. ಪುರುಷ ಆಟಗಾರನೊಬ್ಬನ ಸರಾಸರಿ ವಾರ್ಷಿಕ ವೆಚ್ಚ 38,800 ಡಾಲರ್. ತರಬೇತುದಾರನ ಸಂಬಳ ಇದರಲ್ಲಿ ಸೇರಿರಲಿಲ್ಲ. ಈ ವೆಚ್ಚವನ್ನು ಬಹುಮಾನದಿಂದಲೇ ಸರಿದೂಗಿಸಬೇಕಾದರೆ ಪುರುಷರಲ್ಲಿ 336ನೆಯ ಸ್ಥಾನವನ್ನೂ ಮಹಿಳೆಯರಲ್ಲಿ 253ನೆಯ ಸ್ಥಾನವನ್ನೂ ತಲುಪಿರಬೇಕಿತ್ತು. ವಾಣಿಜ್ಯ ಪರಿಭಾಷೆಯಲ್ಲಿ ಹೇಳುವುದಾದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಬಿಂದು ಅದು. 15 ಸಾವಿರ ಡಾಲರ್ ಪಂದ್ಯಾವಳಿಗಳನ್ನಷ್ಟೇ ನಂಬಿದವನು ಆ ಬಿಂದುವನ್ನು ಮುಟ್ಟಲು ವರ್ಷಕ್ಕೆ 18 ಪ್ರಶಸ್ತಿ ಗೆಲ್ಲಬೇಕಾಗುತ್ತದೆ. ಅಷ್ಟು ಗೆಲ್ಲಬಲ್ಲವನು ಆ ಹಂತದಲ್ಲಿ ಉಳಿದಿರುವುದೇ ಇಲ್ಲ!

ದೀರ್ಘಾವಧಿಯ ಹೂಡಿಕೆ

ಸುಮಿತ್ ನಾಗಲ್ 1997ರಲ್ಲಿ ಹರಿಯಾಣದ ಝಜ್ಜರ್‌ನಲ್ಲಿ ಜನಿಸಿದರು. ತಂದೆ ಶಾಲಾ ಶಿಕ್ಷಕರು. ಮಗನನ್ನು ಟೆನಿಸ್ ಆಟಗಾರನನ್ನಾಗಿ ಬೆಳೆಸುವಷ್ಟು ಬಂಡವಾಳ ಅಂಥ ಕುಟುಂಬದಲ್ಲಿರುವುದು ಸಾಧ್ಯವಿರಲಿಲ್ಲ. ಸುಮಾರು ಹತ್ತನೆಯ ವಯಸ್ಸಿನಲ್ಲಿ ಬಾಲಕನು ಮಹೇಶ್ ಭೂಪತಿಯವರ 'ಅಪೋಲೊ ಟೈರ್ಸ್ ಮಿಷನ್ 2018' ಯೋಜನೆಗೆ ಆಯ್ಕೆಯಾದುದೇ ಅವರ ವೃತ್ತಿಜೀವನದ ನಿಜವಾದ ಆರಂಭ. ಆ ಯೋಜನೆಯಡಿ ಅವರು ಬೆಂಗಳೂರಿನಲ್ಲಿ ತರಬೇತಿ ಪಡೆದರು. ಒಂದು ಟೈರ್ ತಯಾರಿಕಾ ಕಂಪನಿಯ ಹಣ, ಒಬ್ಬ ಹಿರಿಯ ಆಟಗಾರನ ಪಾರಖಿ ಕಣ್ಣು, ಒಂದು ಊರಿನ ಅಂಕಣ ಇವು ಮೂರೂ ಕೂಡಿಬರದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

2015ರಲ್ಲಿ ಅವರು ವಿಯೆಟ್ನಾಂನ ಜೊತೆಗಾರನೊಂದಿಗೆ ವಿಂಬಲ್ಡನ್ ಬಾಲಕರ ಡಬಲ್ಸ್ ಪ್ರಶಸ್ತಿ ಗೆದ್ದರು. 2017ರ ನವೆಂಬರ್‌ನಲ್ಲಿ ಬೆಂಗಳೂರು ಓಪನ್‌ನಲ್ಲಿ ತಮ್ಮ ಮೊದಲ ಚಾಲೆಂಜರ್ ಪ್ರಶಸ್ತಿಯನ್ನು ಪಡೆದರು. 2019ರ ಅಮೆರಿಕ ಓಪನ್‌ನಲ್ಲಿ ಅರ್ಹತಾ ಸುತ್ತುಗಳನ್ನು ದಾಟಿ, ಮೊದಲ ಸುತ್ತಿನಲ್ಲೇ ರೋಜರ್ ಫೆಡರರ್ ಅವರನ್ನು ಎದುರಿಸಿ ಮೊದಲ ಸೆಟ್ಟನ್ನು 6-4ರಿಂದ ಗೆದ್ದರು. ಪಂದ್ಯ ಸೋತರೂ ಮೊದಲ ಸುತ್ತಿನ ಮೊತ್ತ 58 ಸಾವಿರ ಡಾಲರ್ ಅವರದಾಯಿತು. 2020ರಲ್ಲಿ ಅದೇ ಪಂದ್ಯಾವಳಿಯಲ್ಲಿ ಒಂದು ಸುತ್ತು ಗೆದ್ದು, ಏಳು ವರ್ಷಗಳ ನಂತರ ಗ್ರ್ಯಾನ್ ಸ್ಲಾಮ್ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ ಗೆಲುವು ಕಂಡ ಭಾರತೀಯರೆನಿಸಿದರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿಯೂ ಒಂದು ಪಂದ್ಯ ಗೆದ್ದರು. ದೇಶಕ್ಕೆ ಗೌರವ ತಂದ ಆ ಗೆಲುವಿಗೆ ಬಹುಮಾನದ ಹಣವೂ ಇಲ್ಲ, ಶ್ರೇಯಾಂಕದ ಅಂಕಗಳೂ ಇಲ್ಲ ಎಂಬುದನ್ನು ಲೆಕ್ಕ ಬರೆಯುವವರು ಗಮನಿಸಬೇಕು.

ಅದೇ ವರ್ಷದ ಕೊನೆಗೆ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ಕಾರ್ಖಾನೆಯ ಏಕೈಕ ಯಂತ್ರ ಕೆಟ್ಟು ನಿಂತಂತಾಯಿತು. 2022ರಲ್ಲಿ ಅವರ ಸ್ಥಾನ 500ರ ಆಚೆಗೆ ಕುಸಿಯಿತು.

ಐವತ್ತೆರಡು ವಾರಗಳ ದಾಸ್ತಾನು

ಈ ಕುಸಿತವನ್ನು ಅರ್ಥಮಾಡಿಕೊಳ್ಳಲು ಶ್ರೇಯಾಂಕದ ನಿಯಮವನ್ನು ತಿಳಿಯಬೇಕು. ಆಟಗಾರನು ಗಳಿಸಿದ ಅಂಕಗಳ ಆಯುಸ್ಸು ಕೇವಲ 52 ವಾರ. ಈ ವರ್ಷ ಫೆಬ್ರವರಿಯಲ್ಲಿ ಪ್ರಶಸ್ತಿ ಗೆದ್ದು ಪಡೆದ ಅಂಕಗಳು ಮುಂದಿನ ಫೆಬ್ರವರಿಯಲ್ಲಿ ತಾವಾಗಿಯೇ ಅಳಿದುಹೋಗುತ್ತವೆ. ಅಷ್ಟರೊಳಗೆ ಅಷ್ಟೇ ಅಂಕಗಳನ್ನು ಮತ್ತೆ ಗಳಿಸದಿದ್ದರೆ ಸ್ಥಾನ ಇಳಿಯುತ್ತದೆ. ಬಾಳಿಕೆಯ ಅವಧಿ ಮುಗಿದ ಕೂಡಲೇ ಎಸೆಯಬೇಕಾದ ಔಷಧಿಯ ದಾಸ್ತಾನಿನಂತೆ ಇದು. ವ್ಯಾಪಾರಿಯು ಹತ್ತು ವರ್ಷ ದುಡಿದು ಗಳಿಸಿದ ಹೆಸರು ಹನ್ನೊಂದನೆಯ ವರ್ಷವೂ ಅವನ ಕೈಹಿಡಿಯುತ್ತದೆ. ಟೆನಿಸ್ ಆಟಗಾರನಿಗೆ ಅಂಥ ಸದ್ಭಾವನೆಯ ಮೌಲ್ಯವನ್ನು ಮುಂದಿನ ಸಾಲಿಗೆ ಒಯ್ಯುವ ಅವಕಾಶವಿಲ್ಲ.

ಇದರ ಪರಿಣಾಮ ಕೇವಲ ಮಾನಾಪಮಾನದ್ದಲ್ಲ. ಶ್ರೇಯಾಂಕವೇ ಪ್ರವೇಶದ ಪರವಾನಗಿ. ಗ್ರ್ಯಾನ್ ಸ್ಲಾಮ್‌ನ ಮುಖ್ಯ ಸುತ್ತಿಗೆ ನೇರ ಪ್ರವೇಶ ದೊರೆಯಲು ಸ್ಥೂಲವಾಗಿ ಮೊದಲ ನೂರರೊಳಗೆ ಇರಬೇಕು. ಅದರ ಕೆಳಗಿನವರು ಮೂರು ಅರ್ಹತಾ ಪಂದ್ಯಗಳನ್ನು ಗೆದ್ದು ಬರಬೇಕು. ಇನ್ನೂ ಕೆಳಗಿನವರಿಗೆ ಅರ್ಹತಾ ಸುತ್ತೂ ಇಲ್ಲ. ಸ್ಥಾನ ಇಳಿದಂತೆ ಆಡುವ ಮಾರುಕಟ್ಟೆ ಸಣ್ಣದಾಗುತ್ತದೆ. ಮಾರುಕಟ್ಟೆ ಸಣ್ಣದಾದಂತೆ ಮತ್ತೆ ಮೇಲೇರಲು ಬೇಕಾದ ಹಣ ಹುಟ್ಟುವುದಿಲ್ಲ.

2023: ಒಂದು ವರ್ಷದ ಲೆಕ್ಕ

ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡ ನಾಗಲ್ 2023ರ ಏಪ್ರಿಲ್‌ನಲ್ಲಿ ರೋಮ್‌ನಲ್ಲಿಯೂ ಜುಲೈನಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿಯೂ ಚಾಲೆಂಜರ್ ಪ್ರಶಸ್ತಿಗಳನ್ನು ಗೆದ್ದರು. ಯೂರೋಪಿನ ಮಣ್ಣಿನ ಅಂಕಣದಲ್ಲಿ ಚಾಲೆಂಜರ್ ಗೆದ್ದ ಮೊದಲ ಭಾರತೀಯರೆಂಬ ಹೆಗ್ಗಳಿಕೆ ಅವರದಾಯಿತು. 900 ಯೂರೋ ಶಿಲ್ಕು ಉಳಿದದ್ದು ಸೋತ ವರ್ಷದಲ್ಲಲ್ಲ, ಹೀಗೆ ಗೆದ್ದ ವರ್ಷದಲ್ಲಿ ಎಂಬುದೇ ಇಲ್ಲಿಯ ಮುಖ್ಯ ಅಂಶ.

ಆ ವರ್ಷ ಸೆಪ್ಟೆಂಬರ್‌ವರೆಗೆ 24 ಪಂದ್ಯಾವಳಿಗಳಲ್ಲಿ ಅವರು ಗಳಿಸಿದ್ದು ಸುಮಾರು 65 ಲಕ್ಷ ರೂಪಾಯಿ. ಇದರಲ್ಲಿ ಅತಿ ದೊಡ್ಡ ಜಮೆ ಎಂದರೆ ಅಮೆರಿಕ ಓಪನ್‌ನ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಸೋತು ಪಡೆದ 22 ಸಾವಿರ ಡಾಲರ್, ಅಂದರೆ ಸುಮಾರು 18 ಲಕ್ಷ. ಇದರ ಜೊತೆಗೆ ಇಂಡಿಯನ್ ಆಯಿಲ್ ಸಂಸ್ಥೆಯ ಸಂಬಳ ಹಾಗೂ ಮಹಾ ಟೆನಿಸ್ ಪ್ರತಿಷ್ಠಾನದ ನೆರವು ಇದ್ದವು. ಖರ್ಚಿನ ಕಡೆ ಅವರೇ ಹೇಳಿದ ಮೊತ್ತ ವರ್ಷಕ್ಕೆ 80 ಲಕ್ಷದಿಂದ 1 ಕೋಟಿ ರೂಪಾಯಿ. ಅದೂ ಒಬ್ಬ ತರಬೇತುದಾರನನ್ನು ಮಾತ್ರ ಜೊತೆಗೆ ಕರೆದೊಯ್ದರೆ; ಫಿಸಿಯೋಥೆರಪಿ ತಜ್ಞರಿಲ್ಲದೆ. ಜರ್ಮನಿಯಲ್ಲಿ ತಾವು ಅಭ್ಯಾಸ ಮಾಡುತ್ತಿದ್ದ ಅಕಾಡೆಮಿಯಲ್ಲಿ ಆ ವರ್ಷದ ಮೊದಲ ಮೂರು ತಿಂಗಳು ಹಣದ ಕೊರತೆಯಿಂದ ತರಬೇತಿ ಪಡೆಯಲಾಗಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಈ ವೆಚ್ಚದ ಸ್ವರೂಪವನ್ನು ಪರಿಶೀಲಿಸಿದರೆ ತೊಂದರೆಯ ಮೂಲ ಗೋಚರಿಸುತ್ತದೆ. ವಿಮಾನದ ಟಿಕೆಟ್, ವಸತಿ, ಊಟ, ತರಬೇತುದಾರನ ಸಂಬಳ ಮತ್ತು ಅವರ ಪ್ರಯಾಣ, ರ‍್ಯಾಕೆಟ್‌ಗೆ ಮತ್ತೆ ಮತ್ತೆ ಬಿಗಿಸಬೇಕಾದ ತಂತಿ, ವೈದ್ಯಕೀಯ ವೆಚ್ಚ ಇವೆಲ್ಲವೂ ಸ್ಥಿರ ವೆಚ್ಚಗಳೇ. ಹತ್ತನೆಯ ಸ್ಥಾನದವನಿಗೂ ನೂರೈವತ್ತನೆಯ ಸ್ಥಾನದವನಿಗೂ ವಿಮಾನ ಕಂಪನಿ ಒಂದೇ ದರ ವಿಧಿಸುತ್ತದೆ. ಆದಾಯ ಮಾತ್ರ ಸಂಪೂರ್ಣವಾಗಿ ಅನಿಶ್ಚಿತ. ಸೋತವನು ಸೋಮವಾರವೇ ಹೊರಡಬೇಕಾಗಬಹುದು, ಗೆದ್ದವನು ಭಾನುವಾರದವರೆಗೆ ಉಳಿಯಬೇಕಾಗಬಹುದು. ಆದ್ದರಿಂದ ಅಗ್ಗದ ಟಿಕೆಟನ್ನು ಮುಂಗಡವಾಗಿ ಕಾಯ್ದಿರಿಸುವ ಉಳಿತಾಯವೂ ಸುಲಭವಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಪೂರ್ತಿ ನಡೆಯುವುದಿಲ್ಲ. ಕೈಯಲ್ಲಿ ಹಣವಿಲ್ಲವೆಂದು ತರಬೇತುದಾರನನ್ನು ಬಿಟ್ಟರೆ ಆಟದ ಮಟ್ಟ ಕುಸಿಯುತ್ತದೆ. ಫಿಸಿಯೋ ಇಲ್ಲದೆ ಆಡಿದರೆ ಗಾಯದ ಸಂಭವ ಹೆಚ್ಚುತ್ತದೆ. ದೂರದ ಪಂದ್ಯಾವಳಿಯನ್ನು ಕೈಬಿಟ್ಟರೆ ಅಂಕಗಳು ಬಾರವು. ಯಂತ್ರಕ್ಕೆ ಎಣ್ಣೆ ಹಾಕುವ ಖರ್ಚನ್ನು ಉಳಿಸಿದ ಮಾಲೀಕನು ಮುಂದೆ ಯಂತ್ರವನ್ನೇ ಕಳೆದುಕೊಳ್ಳುವಂತೆ, ಇಲ್ಲಿ ಮಾಡುವ ಪ್ರತಿಯೊಂದು ಉಳಿತಾಯವೂ ಮುಂದಿನ ವರ್ಷದ ಆದಾಯವನ್ನು ಕಡಿಮೆ ಮಾಡುತ್ತದೆ.

ಮೂಲದಲ್ಲೇ ಕಡಿತವಾಗುವ ತೆರಿಗೆ

ಸಾರ್ವಜನಿಕ ಚರ್ಚೆಯಲ್ಲಿ ಹೆಚ್ಚಾಗಿ ಬಾರದ ಇನ್ನೊಂದು ಬಾಬತ್ತು ತೆರಿಗೆ. ಅಂತರರಾಷ್ಟ್ರೀಯ ತೆರಿಗೆ ಒಪ್ಪಂದಗಳಲ್ಲಿ ಸಾಮಾನ್ಯ ವೃತ್ತಿನಿರತರಿಗೂ ಕ್ರೀಡಾಪಟುಗಳಿಗೂ ಭೇದವಿದೆ. ಕ್ರೀಡಾಪಟುವು ಯಾವ ದೇಶದ ನೆಲದಲ್ಲಿ ಆಡಿ ಗಳಿಸಿದನೋ ಆ ದೇಶಕ್ಕೆ ತೆರಿಗೆ ವಿಧಿಸುವ ಹಕ್ಕು ಸಾಮಾನ್ಯವಾಗಿ ಇರುತ್ತದೆ. ಅಮೆರಿಕದಲ್ಲಿ ಅನಿವಾಸಿ ಆಟಗಾರನ ಬಹುಮಾನದಿಂದ ಸಾಮಾನ್ಯವಾಗಿ ಶೇ. 30ರಷ್ಟನ್ನು ಮೂಲದಲ್ಲೇ ಕಡಿತ ಮಾಡಲಾಗುತ್ತದೆ. ಕಡಿತವಾಗುವುದು ಒಟ್ಟು ಮೊತ್ತದ ಮೇಲೆ, ಖರ್ಚು ಕಳೆದ ನಿವ್ವಳ ಆದಾಯದ ಮೇಲಲ್ಲ.

ಉದಾಹರಣೆಗೆ, ಆಟಗಾರನೊಬ್ಬನಿಗೆ 10 ಲಕ್ಷ ರೂಪಾಯಿ ಬಹುಮಾನ ಬಂದು 3 ಲಕ್ಷ ಕಡಿತವಾಯಿತೆಂದು ಭಾವಿಸೋಣ. ಖರ್ಚು ಕಳೆದ ಮೇಲೆ ಆ ವರ್ಷ ಅವನಿಗೆ ಲಾಭವೇ ಇಲ್ಲದಿದ್ದರೆ ಭಾರತದಲ್ಲಿ ಅವನು ಕೊಡಬೇಕಾದ ತೆರಿಗೆ ಶೂನ್ಯ. ವಿದೇಶದಲ್ಲಿ ಕೊಟ್ಟ ತೆರಿಗೆಗೆ ಇಲ್ಲಿ ದೊರೆಯುವ ಜಮೆಯು ಆ ಆದಾಯದ ಮೇಲಿನ ಭಾರತೀಯ ತೆರಿಗೆಯನ್ನು ಮೀರುವಂತಿಲ್ಲ. ಆದುದರಿಂದ ಆ 3 ಲಕ್ಷ ಇಲ್ಲಿ ಹಿಂದಿರುಗುವುದಿಲ್ಲ. ಆ ದೇಶದಲ್ಲಿಯೇ ವಿವರಣಾಪತ್ರ ಸಲ್ಲಿಸಿ, ಖರ್ಚಿನ ದಾಖಲೆಗಳನ್ನು ತೋರಿಸಿ, ಮರುಪಾವತಿಗೆ ಕಾಯಬೇಕು. ಅದಕ್ಕೆ ಅಲ್ಲಿಯ ಲೆಕ್ಕಪರಿಶೋಧಕರ ಶುಲ್ಕ ಬೇರೆ. ರಫ್ತು ವ್ಯವಹಾರ ಮಾಡುವವರಿಗೆ ಮರುಪಾವತಿ ತಡವಾದಾಗ ದುಡಿಯುವ ಬಂಡವಾಳಕ್ಕೆ ಬೀಳುವ ಹೊಡೆತ ತಿಳಿದಿದೆ. ದೇಶದಿಂದ ದೇಶಕ್ಕೆ ಅಲೆಯುವ ಆಟಗಾರನಿಗೆ ರಶೀದಿಗಳನ್ನು ಜೋಪಾನ ಮಾಡುವುದೂ ಅಂಕಣದ ಅಭ್ಯಾಸದಷ್ಟೇ ಅಗತ್ಯ.

ಮೆಲ್ಬೋರ್ನ್‌ನ ಒಂದು ವಾರ

ನಾಗಲ್ ಅವರ ಹೇಳಿಕೆ ಪ್ರಕಟವಾದ ನಂತರ ಕೆಲವು ಕಂಪನಿಗಳು ಪ್ರಾಯೋಜಕತ್ವಕ್ಕೆ ಮುಂದೆ ಬಂದವು. 2024ರ ಜನವರಿಯಲ್ಲಿ ಅವರು ಆಸ್ಟ್ರೇಲಿಯನ್ ಓಪನ್‌ನ ಅರ್ಹತಾ ಸುತ್ತುಗಳನ್ನು ದಾಟಿ, ಮೊದಲ ಸುತ್ತಿನಲ್ಲಿ 31ನೆಯ ಶ್ರೇಯಾಂಕಿತ ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಗ್ರ್ಯಾನ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತ ಆಟಗಾರನನ್ನು ಭಾರತೀಯನೊಬ್ಬ ಮಣಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ಅವರು ಮ್ಯಾಟ್ಸ್ ವಿಲಾಂಡರ್ ಅವರನ್ನು ಸೋಲಿಸಿದ ನಂತರ ಅದೇ ಮೊದಲು.

ಎರಡನೆಯ ಸುತ್ತಿನಲ್ಲಿ ಸೋತರೂ ಅವರಿಗೆ 1,80,000 ಆಸ್ಟ್ರೇಲಿಯನ್ ಡಾಲರ್, ಅಂದರೆ ಸುಮಾರು 98 ಲಕ್ಷ ರೂಪಾಯಿ ದೊರೆಯಿತು. ಹಿಂದಿನ ವರ್ಷ 24 ಪಂದ್ಯಾವಳಿಗಳು ಕೊಟ್ಟದ್ದು 65 ಲಕ್ಷ; ಈಗ ಒಂದೇ ಪಂದ್ಯಾವಳಿ ಕೊಟ್ಟದ್ದು 98 ಲಕ್ಷ. ಫೆಬ್ರವರಿಯಲ್ಲಿ ಚೆನ್ನೈ ಓಪನ್ ಗೆದ್ದು ಅವರು ಮೊದಲ ಬಾರಿಗೆ ನೂರರೊಳಗೆ ಬಂದರು. ಜುಲೈನಲ್ಲಿ 68ನೆಯ ಸ್ಥಾನ ತಲುಪಿದರು. ಹತ್ತು ತಿಂಗಳ ಅಂತರದಲ್ಲಿ ಅವರ ಪ್ರತಿಭೆ ಇಮ್ಮಡಿಯಾಗಿರಲಿಲ್ಲ. ಆಟವನ್ನು ನಿಲ್ಲಿಸದೆ ಮೆಲ್ಬೋರ್ನ್‌ವರೆಗೆ ತಲುಪಲು ಸಾಧ್ಯವಾದದ್ದೇ ವ್ಯತ್ಯಾಸ. ಶಿಲ್ಕು 900 ಯೂರೋ ಇದ್ದಾಗಲೇ ಅವರು ಕೈಚೆಲ್ಲಿದ್ದರೆ 98 ಲಕ್ಷದ ಜಮೆ ಎಂದೂ ಬರುತ್ತಿರಲಿಲ್ಲ.

ಆದರೆ 52 ವಾರಗಳ ನಿಯಮ ಯಾರನ್ನೂ ಬಿಡುವುದಿಲ್ಲ. 2025ರಲ್ಲಿ ಹಿಂದಿನ ವರ್ಷದ ಅಂಕಗಳು ಒಂದೊಂದಾಗಿ ಕಳಚಿಕೊಂಡವು; ಅಷ್ಟೇ ಗೆಲುವುಗಳು ಮರಳಿ ಬಾರದೆ ಮೊದಲ ನೂರರ ಸ್ಥಾನ ಕೈತಪ್ಪಿತು. ಆ ವರ್ಷದೊಳಗೇ ಅವರ ಸ್ಥಾನ ಇನ್ನೂರರ ಆಚೆಗೂ ಇಳಿಯಿತು.

ಕನಿಷ್ಠ ಆದಾಯದ ಖಾತರಿ

ಈ ಅಸಮತೋಲನ ಒಬ್ಬಿಬ್ಬರ ಕಷ್ಟವಾಗಿ ಉಳಿಯದೆ ಇಡೀ ಕ್ರೀಡೆಯ ವಿಶ್ವಾಸಾರ್ಹತೆಯನ್ನೇ ಕಲಕಿದೆ. ಟೆನಿಸ್‌ನ ಪ್ರಾಮಾಣಿಕತೆಯನ್ನು ಕುರಿತು 2018ರಲ್ಲಿ ವರದಿ ನೀಡಿದ ಸ್ವತಂತ್ರ ಸಮಿತಿಯು, ವೃತ್ತಿಪರರೆನಿಸಿಕೊಂಡ ಸಹಸ್ರಾರು ಮಂದಿಯಲ್ಲಿ ಖರ್ಚು ಸರಿದೂಗಿಸಬಲ್ಲವರು ಕೆಲವು ನೂರು ಮಂದಿ ಮಾತ್ರ ಎಂದೂ, ಕೆಳಹಂತದಲ್ಲಿ ಪಂದ್ಯಗಳ ಮೋಸದಾಟಕ್ಕೆ ಈ ಸ್ಥಿತಿ ಫಲವತ್ತಾದ ನೆಲವಾಗಿದೆಯೆಂದೂ ಹೇಳಿತು. ಗೆದ್ದರೆ ಬರುವುದಕ್ಕಿಂತ ಸೋತರೆ ಹೆಚ್ಚು ಕೊಡುವವರು ಬಾಗಿಲಲ್ಲಿ ನಿಂತಿರುವಾಗ ಪ್ರಾಮಾಣಿಕವಾಗಿ ಆಡಿ ಸೋತು ಸಾಲ ಮಾಡಿಕೊಳ್ಳುವವನ ಸತ್ವ ಸಾಮಾನ್ಯವಾದುದಲ್ಲ.

ಎಟಿಪಿ ಸಂಸ್ಥೆಯು 2023ರ ಆಗಸ್ಟ್‌ನಲ್ಲಿ ಒಂದು ಸುಧಾರಣೆಯನ್ನು ಪ್ರಕಟಿಸಿ 2024ರಿಂದ ಜಾರಿಗೆ ತಂದಿತು. ಅದರಂತೆ ಮೊದಲ ನೂರು ಆಟಗಾರರಿಗೆ ವರ್ಷಕ್ಕೆ ಕನಿಷ್ಠ 3 ಲಕ್ಷ ಡಾಲರ್, 101ರಿಂದ 175ರವರೆಗಿನವರಿಗೆ 1.5 ಲಕ್ಷ ಡಾಲರ್, 176ರಿಂದ 250ರವರೆಗಿನವರಿಗೆ 75 ಸಾವಿರ ಡಾಲರ್ ಆದಾಯದ ಖಾತರಿ ನೀಡಲಾಯಿತು. ಬಹುಮಾನದ ಗಳಿಕೆ ಅದಕ್ಕಿಂತ ಕಡಿಮೆಯಾದರೆ ಕೊರತೆಯನ್ನು ಸಂಸ್ಥೆಯೇ ತುಂಬುತ್ತದೆ. ಗಾಯಗೊಂಡವರಿಗೂ ಹೊಸದಾಗಿ ಮೇಲೇರುತ್ತಿರುವವರಿಗೂ ಪ್ರತ್ಯೇಕ ನೆರವಿದೆ. ರೈತನ ಬೆಳೆಗೆ ಬೆಂಬಲ ಬೆಲೆ ಇರುವಂತೆ ಇದು ಶ್ಲಾಘನೀಯ ಕ್ರಮವೇ ಸರಿ. ಆದರೆ 251ನೆಯವನಿಗೆ ಏನೂ ಇಲ್ಲ. ಕಲಬುರಗಿ, ಧಾರವಾಡಗಳ ಅಂಕಣಗಳಲ್ಲಿ ಆಡಲು ಬರುವವರಲ್ಲಿ ಹೆಚ್ಚಿನವರು ಆ ಗೆರೆಯ ಕೆಳಗಿನವರೇ.

ಉದ್ಯಮಿಗಳು ಮಾಡಬಹುದಾದುದು

ಇಲ್ಲಿಯೇ ಸ್ಥಳೀಯ ವಾಣಿಜ್ಯ ಸಮುದಾಯದ ಪಾತ್ರ ಆರಂಭವಾಗುತ್ತದೆ. ಕಂಪನಿ ಕಾಯ್ದೆ 2013ರ ಏಳನೆಯ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯುಳ್ಳ ಕ್ರೀಡೆ, ಒಲಿಂಪಿಕ್ ಹಾಗೂ ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿಯನ್ನು ಸಾಮಾಜಿಕ ಹೊಣೆಗಾರಿಕೆಯ ವೆಚ್ಚವೆಂದು ಪರಿಗಣಿಸಲು ಅವಕಾಶವಿದೆ. ಸಾಮಾನ್ಯವಾಗಿ ಭಾರತದ ಹೊರಗಿನ ಚಟುವಟಿಕೆಗಳಿಗೆ ಈ ನಿಧಿಯನ್ನು ಬಳಸುವಂತಿಲ್ಲವಾದರೂ, ದೇಶವನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ ಅಥವಾ ರಾಜ್ಯವನ್ನು ರಾಷ್ಟ್ರಮಟ್ಟದಲ್ಲಿ ಪ್ರತಿನಿಧಿಸುವ ಕ್ರೀಡಾಪಟುಗಳ ತರಬೇತಿಗೆ ನಿಯಮಗಳು ವಿನಾಯಿತಿ ನೀಡಿವೆ. ಆದರೆ ಒಂದು ಎಚ್ಚರಿಕೆ ಅಗತ್ಯ: ತನ್ನ ಸರಕಿನ ಪ್ರಚಾರಕ್ಕಾಗಿ ನೀಡಿದ ಪ್ರಾಯೋಜಕತ್ವವನ್ನು ಈ ಬಾಬತ್ತಿನಲ್ಲಿ ತೋರಿಸುವಂತಿಲ್ಲ. ಅದು ಜಾಹೀರಾತು ವೆಚ್ಚ; ಅದನ್ನು ಹಾಗೆಯೇ ಬರೆಯಬೇಕು. ಲಿಖಿತ ಕರಾರು, ಸರಿಯಾದ ಬಿಲ್ಲು, ಜಿಎಸ್‌ಟಿ ಹೊಣೆ ಯಾರದೆಂಬ ಸ್ಪಷ್ಟತೆ ಇವು ಮೊದಲೇ ಇರಬೇಕು.

ಈ ಹೊಣೆಗಾರಿಕೆಯ ಮಿತಿಗೆ ಒಳಪಡದ ಸಣ್ಣ ವರ್ತಕರೂ ಕೈಕಟ್ಟಿ ಕೂರಬೇಕಾಗಿಲ್ಲ. ಊರಿನಲ್ಲಿ ಐಟಿಎಫ್ ಪಂದ್ಯಾವಳಿ ನಡೆಯುವ ವಾರದಲ್ಲಿ ವಸತಿಗೃಹದ ಖಾಲಿ ಉಳಿಯುವ ಎರಡು ಕೊಠಡಿಗಳು, ಒಂದು ವಾಹನದ ಏರ್ಪಾಡು, ಊಟದ ವ್ಯವಸ್ಥೆ ಇವು ಕೊಡುವವನಿಗೆ ಭಾರವಲ್ಲ. 156 ಡಾಲರ್ ಪಡೆದು ಮರಳುವ ಆಟಗಾರನ ಪುಸ್ತಕದಲ್ಲಿ ಅವು ದೊಡ್ಡ ಬಾಬತ್ತುಗಳು. ಗೆದ್ದು ಬಂದ ಮೇಲೆ ನಡೆಸುವ ಸನ್ಮಾನ, ಹಾರ, ಶಾಲುಗಳಿಗಿಂತ ಗೆಲ್ಲುವ ಮೊದಲಿನ ಒಂದು ವಾರದ ವಸತಿ ಹೆಚ್ಚು ಬೆಲೆಬಾಳುತ್ತದೆ. ಆಟಗಾರನಿಗೂ ಒಂದು ಕರ್ತವ್ಯವಿದೆ: ಪ್ರತಿ ಪಂದ್ಯಾವಳಿಯ ಜಮಾ-ಖರ್ಚನ್ನು ಪ್ರತ್ಯೇಕವಾಗಿ ಬರೆದಿಟ್ಟು, ನೆರವು ಕೊಟ್ಟವರಿಗೆ ಅದನ್ನು ತೋರಿಸುವುದು. ಲೆಕ್ಕ ತೋರಿಸುವವನ ಬಳಿಗೆ ಹಣ ಎರಡನೆಯ ಬಾರಿಯೂ ಬರುತ್ತದೆ.

ಸಣ್ಣ ಉದ್ಯಮಗಳು ಮುಚ್ಚುವುದು ಸರಕು ಕೆಟ್ಟದ್ದಾಗಿರುವುದರಿಂದಲೇ ಅಲ್ಲ. ಹಲವು ಬಾರಿ ಬರಬೇಕಾದ ಹಣ ಬರುವ ಮೊದಲು ಕೈಯಲ್ಲಿದ್ದ ಹಣ ತೀರಿಹೋಗುವುದರಿಂದ. ಸುಮಿತ್ ನಾಗಲ್ ಅವರ 2023ರ ಪುಸ್ತಕ ಅಂಥ ಸ್ಥಿತಿಯ ಅಂಚಿನವರೆಗೆ ಹೋಗಿ ಮರಳಿತು. ಹಾಗೆ ಮರಳಲಾರದೆ ರ‍್ಯಾಕೆಟ್ಟನ್ನು ಕೆಳಗಿಟ್ಟವರ ಹೆಸರುಗಳು ಯಾವ ಪಟ್ಟಿಯಲ್ಲಿಯೂ ಇಲ್ಲ. ಆಖೈರು ಶಿಲ್ಕು ಎಷ್ಟೇ ಚಿಕ್ಕದಿರಲಿ, ಅದೇ ಮುಂದಿನ ಸಾಲಿನ ಆರಂಭ ಶಿಲ್ಕು ಎಂಬುದನ್ನು ಲೆಕ್ಕ ಬಲ್ಲವರೆಲ್ಲರೂ ಅರಿತಿದ್ದಾರೆ. ಅದು ಪೂರ್ತಿ ಶೂನ್ಯವಾಗದಂತೆ ನೋಡಿಕೊಳ್ಳುವ ಶಕ್ತಿ ಪ್ರತಿ ಊರಿನ ವರ್ತಕ ಸಮುದಾಯಕ್ಕೂ ಇದೆ.